ಸೈನಿಕರ ಮನೆಯ ಹಿರಿಯ
ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜೀವನದ ಒಂದು ಮುಖ

ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಅವುಗಳ ರೀತಿ ಪರಿಚಿತವಾದುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವ ವೀರ. ಅದರ ಮೇಲೆ, ಅವನನ್ನು ಎತ್ತಿಕೊಂಡು ಹೋಗುತ್ತಿರುವ ದೇವಕನ್ಯೆಯರು. ಎಲ್ಲಕ್ಕೂ ಮೇಲೆ, ಇಷ್ಟದೈವದ ಸನ್ನಿಧಿಯನ್ನು ಸೇರಿದ ಅದೇ ವೀರ. ಶಿಲ್ಪಿಯ ಕಣ್ಣು ಹೀಗೆ ಭೂಮಿಯಿಂದ ಸ್ವರ್ಗಕ್ಕೆ ಏರುತ್ತದೆ. ಆದರೆ ಶಾಸನವನ್ನು ಬರೆಯಿಸಿದವರ ಕಣ್ಣು ಕೆಲವೆಡೆಗಳಲ್ಲಿ ಭೂಮಿಯ ಮೇಲೆಯೇ ನಿಂತಿರುವುದುಂಟು. ಮಡಿದವನ ಮನೆಯವರಿಗೆ ಗದ್ದೆಯನ್ನೋ ಹೊಲವನ್ನೋ ಬಿಟ್ಟುಕೊಟ್ಟ ಸಂಗತಿಯನ್ನು ಅಂತಹ ಶಾಸನಗಳು ಹೇಳುತ್ತವೆ. ಆ ದತ್ತಿಗೆ ನೆತ್ತರುಗೊಡಗೆಯೆಂದು ಹೆಸರು. ವೀರನಿಗೆ ಸ್ವರ್ಗ ದೊರೆಯುವುದು ಅವನ ಪುಣ್ಯ. ಅವನ ಮಕ್ಕಳಿಗೆ ಅನ್ನ ದೊರೆಯಬೇಕಾದುದು ಉಳಿದವರ ಹೊಣೆ ಎಂಬ ವಿವೇಕ ಆ ಒಂದು ಮಾತಿನಲ್ಲಿ ಅಡಗಿದೆ.

ನಾನು ಈ ಲೇಖನವನ್ನು ಬರೆಯುತ್ತಿರುವುದು ಇನ್ನಂಜೆಯಲ್ಲಿ ಕುಳಿತು. ಕಾಪು, ಶಂಕರಪುರಗಳ ನೆರೆಯ ಈ ಊರಿನ ಸುತ್ತಮುತ್ತ ಮಲ್ಲಿಗೆ ಬೆಳೆಯದ ಹಿತ್ತಲು ಕಡಿಮೆ. ಬೆಳಗಿನ ಜಾವದಲ್ಲಿ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಪೇಟೆಗೆ ಕಳುಹಿಸುವ ಕೆಲಸದಲ್ಲಿ ಹೆಂಗಸರ ಪಾಲೇ ಹೆಚ್ಚು. ಗಂಡಸರು ದೂರದಲ್ಲಿ ದುಡಿಯುವ ಮನೆಗಳು ನಮ್ಮ ಕರಾವಳಿಗೆ ಹೊಸತಲ್ಲ. ಮುಂಬಯಿಗೆ ಹೋದವರ ದಾರಿಯನ್ನು ಎರಡು ಮೂರು ತಲೆಮಾರುಗಳಿಂದ ಇಲ್ಲಿಯ ಮನೆಗಳು ಕಾಯುತ್ತ ಬಂದಿವೆ. ಹಾಗೆ ಹೋದವರು ಅಲ್ಲಿಯೂ ಒಂಟಿಯಾಗಿ ಉಳಿಯಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದುದು 1902ರಲ್ಲಿ. ಪರಸ್ಥಳದಲ್ಲಿ ಸಂಘ ಕಟ್ಟಿ ಒಬ್ಬರಿಗೊಬ್ಬರು ಆಗುವ ವಿದ್ಯೆ ನಮ್ಮ ಜನಕ್ಕೆ ಗೊತ್ತು.

ಆದರೆ ಸೈನಿಕನ ಮನೆಯ ಕಾಯುವಿಕೆ ಬೇರೆ ತೆರನಾದುದು. ಹೋಟೆಲಿನಲ್ಲಿ ದುಡಿಯುವ ಮಗನ ಪತ್ರ ತಡವಾದರೆ ತಾಯಿ ಬೇಸರಗೊಳ್ಳುತ್ತಾಳೆ. ಗಡಿಯಲ್ಲಿರುವ ಮಗನ ಸುದ್ದಿ ತಡವಾದರೆ ಹೆದರುತ್ತಾಳೆ. ಕೊಡಗಿನಲ್ಲಿ ಅಂತಹ ಮನೆಗಳು ಒಂದರ ಪಕ್ಕದಲ್ಲಿ ಒಂದಿವೆ. ಒಬ್ಬಳ ಭಯವನ್ನು ಇನ್ನೊಬ್ಬಳು ಹೇಳದೆಯೇ ಅರಿಯಬಲ್ಲಳು. ನಮ್ಮ ಕಡೆ ಅವು ಅಲ್ಲೊಂದು ಇಲ್ಲೊಂದು. ಆದುದರಿಂದಲೇ ಸೈನಿಕರ ಕುಟುಂಬಗಳಿಗೆ ನೆರವಾಗುವ ಸ್ವಯಂಸೇವೆಯ ಮಾತು ಬಂದಾಗ, ಕೊಡಗಿನಲ್ಲಿ ಹುಟ್ಟಿ ಆ ಕೆಲಸಕ್ಕೆ ತನ್ನ ಬಾಳಿನ ಉತ್ತರಾರ್ಧವನ್ನು ಸಲ್ಲಿಸಿದ ಒಬ್ಬ ಮಹನೀಯರ ಜೀವನವನ್ನು ನೆನೆಯುವುದು ಯುಕ್ತವಾಗಿದೆ. ಅವರು ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರೆಂದು ಅವರನ್ನು ಎಲ್ಲರೂ ಬಲ್ಲರು. ದಂಡವನ್ನು ಕೆಳಗಿಟ್ಟ ಮೇಲಿನ ನಾಲ್ವತ್ತು ವರ್ಷಗಳನ್ನು ಬಲ್ಲವರು ಕಡಿಮೆ.

ಕಾರ್ಯಪ್ಪನವರು ಹುಟ್ಟಿದುದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ಅಧಿಕಾರಿಗಳಾಗಿದ್ದರು. ಮನೆಯವರಿಗೆ ಹುಡುಗ ಚಿಮ್ಮ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, ಭಾರತೀಯರಿಗೂ ಸೇನೆಯಲ್ಲಿ ಅಧಿಕಾರಿಗಳ ಪದವಿ ದೊರೆಯಬೇಕೆಂಬ ಒತ್ತಾಯ ಫಲಿಸಿದ್ದಿತು. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿಗೆ ಆಯ್ಕೆಯಾದ ಮೊದಲ ತಂಡದಲ್ಲಿ ಕಾರ್ಯಪ್ಪನವರೂ ಒಬ್ಬರಾಗಿ, 1919ರ ಡಿಸೆಂಬರಿನಲ್ಲಿ ಅಧಿಕಾರಿಯ ಪದವಿಯನ್ನು ಪಡೆದರು. ಮೊದಲು ಮುಂಬಯಿಯಲ್ಲಿ ಕರ್ನಾಟಿಕ್ ಪದಾತಿದಳ, ಆಮೇಲೆ ಮೆಸೊಪೊಟೇಮಿಯಾದ ಮರಳುಗಾಡು, ಕೊನೆಗೆ ರಜಪೂತ ರೆಜಿಮೆಂಟು. ಅವರ ಹೆಸರನ್ನು ಉಚ್ಚರಿಸಲಾರದ ಒಬ್ಬ ಆಂಗ್ಲ ಅಧಿಕಾರಿಯ ಪತ್ನಿ ಕಿಪ್ಪರ್ ಎಂದು ಕರೆದರೆಂದೂ, ಆ ಅಡ್ಡಹೆಸರು ಸೇನೆಯಲ್ಲಿ ಅವರಿಗೆ ಶಾಶ್ವತವಾಗಿ ಅಂಟಿಕೊಂಡಿತೆಂದೂ ಹೇಳುತ್ತಾರೆ.

ಬಿಳಿಯರ ಭೋಜನಶಾಲೆಯಲ್ಲಿ ಕುಳಿತ ಕರಿಯ ಅಧಿಕಾರಿಯ ಸ್ಥಿತಿ ಸುಖಕರವಾದುದಲ್ಲ. ಅಲ್ಲಿ ಸರಿಸಮನಾಗಿ ನಿಲ್ಲಬೇಕಾದರೆ ಅವರಿಗಿಂತ ಹೆಚ್ಚು ಅಚ್ಚುಕಟ್ಟಾಗಿರಬೇಕಾಗಿದ್ದಿತು. ಕಾರ್ಯಪ್ಪನವರ ಉಡುಗೆತೊಡುಗೆ, ನಡೆನುಡಿಗಳಲ್ಲಿ ಕೊನೆಯವರೆಗೂ ಉಳಿದ ಆಂಗ್ಲ ಠೀವಿಯನ್ನು ಕಂಡು ನಕ್ಕವರಿದ್ದರು. ಅವರ ಹಿಂದೂಸ್ತಾನಿಯ ತೊಡಕುಗಳನ್ನು ಆಡಿಕೊಂಡವರೂ ಇದ್ದರು. ಆದರೆ ಅವರು ಏರಿದ ಒಂದೊಂದು ಮೆಟ್ಟಿಲೂ ಹಿಂದೆ ಬರುವ ಭಾರತೀಯರಿಗೆ ತೆರೆದ ಬಾಗಿಲಾಯಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವವನ್ನು ವಹಿಸಿದ ಮೊದಲ ಭಾರತೀಯರೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯ, ಇರಾನ್, ಬರ್ಮಾಗಳಲ್ಲಿ ಸೇವೆ ಸಲ್ಲಿಸಿ, ಯುದ್ಧಾನಂತರ ವಾಯವ್ಯ ಗಡಿನಾಡಿನ ಬನ್ನುವಿನಲ್ಲಿ ಒಂದು ಬ್ರಿಗೇಡಿನ ಅಧಿಪತಿಗಳಾದರು. ಅಲ್ಲಿ ಅವರ ಕೈಕೆಳಗೆ ಇದ್ದ ಅಧಿಕಾರಿಗಳಲ್ಲಿ ಅಯೂಬ್ ಖಾನ್ ಒಬ್ಬರು. ಈ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈ ಏಳಿಗೆಯ ಬೆಲೆಯನ್ನು ಅವರ ಮನೆ ತೆತ್ತಿತು. 1937ರಲ್ಲಿ ಆದ ವಿವಾಹ ಎಂಟು ವರ್ಷಗಳಲ್ಲಿ ಮುರಿದುಬಿದ್ದಿತು. 1948ರಲ್ಲಿ, ಅವರು ಕಾಶ್ಮೀರದ ಯುದ್ಧದ ಹೊಣೆಯನ್ನು ಹೊತ್ತಿದ್ದ ವರ್ಷವೇ, ಬೇರೆಯಾಗಿದ್ದ ಪತ್ನಿ ಅಪಘಾತದಲ್ಲಿ ತೀರಿಕೊಂಡರು. ನಂದ ಮತ್ತು ನಳಿನಿ ಎಂಬ ಎರಡು ಮಕ್ಕಳಿಗೆ ಉಳಿದವರು ತಂದೆಯೊಬ್ಬರೇ. ಸೈನಿಕನ ಮನೆ ಹೇಗೆ ಬಿರುಕು ಬಿಡುತ್ತದೆಂಬುದನ್ನು ಕಾರ್ಯಪ್ಪನವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಪದವಿ ದೊಡ್ಡದಾದ ಮಾತ್ರಕ್ಕೆ ಮನೆಯ ದುಃಖ ಚಿಕ್ಕದಾಗುವುದಿಲ್ಲ.

ಸ್ವಾತಂತ್ರ್ಯ ಬಂದಿತು, ಅದರೊಡನೆ ದೇಶವೂ ಸೇನೆಯೂ ಇಬ್ಭಾಗವಾದುವು. ನಿನ್ನೆಯವರೆಗೆ ಒಂದೇ ಗುಡಾರದಲ್ಲಿ ಮಲಗಿದ್ದವರು ಕಾಶ್ಮೀರದ ಗುಡ್ಡಗಳಲ್ಲಿ ಎದುರುಬದುರಾಗಿ ನಿಂತರು. ಮುಂದೆ ಪಶ್ಚಿಮ ಕಮಾಂಡ್ ಎಂದು ಹೆಸರಾದ ದೆಹಲಿ ಮತ್ತು ಪೂರ್ವ ಪಂಜಾಬ್ ಕಮಾಂಡಿನ ಆಧಿಪತ್ಯವನ್ನು 1948ರ ಆರಂಭದಲ್ಲಿ ಕಾರ್ಯಪ್ಪನವರು ವಹಿಸಿಕೊಂಡರು. ಝಂಗರ್ ಮರಳಿ ವಶವಾಯಿತು. ಜೋಜಿಲಾ ಕಣಿವೆಯನ್ನು ದಾಟಿ ದ್ರಾಸ್, ಕಾರ್ಗಿಲ್‌ಗಳನ್ನು ಸೇರಿ, ಆ ವರ್ಷದ ನವೆಂಬರಿನಲ್ಲಿ ಲೇಹ್‌ಗೆ ದಾರಿಯನ್ನು ತೆರೆದುದು ಅವರ ನಾಯಕತ್ವದ ಕಾಲದಲ್ಲಿ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರವನ್ನು ಸ್ವೀಕರಿಸಿ ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ.

ಅದೇ ವರ್ಷ ನಡೆದ ಎರಡು ಸಂಗತಿಗಳಿಗೆ ಯುದ್ಧದ ಕತೆಗಳಲ್ಲಿ ಸ್ಥಾನ ಸಿಕ್ಕುವುದಿಲ್ಲ. ಅಕ್ಟೋಬರಿನಲ್ಲಿ ಪ್ರಾದೇಶಿಕ ಸೇನೆಯ ಉದ್ಘಾಟನೆಯಾಯಿತು. ತನ್ನ ಕಸುಬನ್ನು ಬಿಡದೆ ಬಿಡುವಿನ ದಿನಗಳಲ್ಲಿ ಶಿಕ್ಷಣ ಪಡೆದು, ಬೇಕಾದಾಗ ದೇಶದ ಕರೆಗೆ ಓಗೊಡುವ ನಾಗರಿಕರ ಸೇನೆ ಅದು. ಆಗಸ್ಟಿನಲ್ಲಿ ರಕ್ಷಣಾ ಸಚಿವರ ಸಮಿತಿಯೊಂದು ಪ್ರತಿವರ್ಷ ಡಿಸೆಂಬರ್ 7ರಂದು ಧ್ವಜ ದಿನವನ್ನು ಆಚರಿಸಲು ನಿರ್ಧರಿಸಿತು. ಸ್ವಯಂಸೇವಕರು ಪುಟ್ಟ ಧ್ವಜಗಳನ್ನು ಹಂಚಿ ಹಣ ಕೂಡಿಸುವುದು. ಆ ಹಣವನ್ನು ಯುದ್ಧದಲ್ಲಿ ಅಂಗಹೀನರಾದವರ ಮತ್ತು ಮಡಿದವರ ಕುಟುಂಬಗಳ ಪುನರ್ವಸತಿಗೆ, ಸೇವೆಯಲ್ಲಿರುವವರ ಮನೆಯವರ ಕ್ಷೇಮಕ್ಕೆ, ನಿವೃತ್ತರ ನೆರವಿಗೆ ವಿನಿಯೋಗಿಸುವುದು. ಸೇನೆ ಜನರಿಂದ ದೂರದಲ್ಲಿರುವ ಒಂದು ಕೋಟೆಯೆಂಬ ಭಾವನೆ ಪರಾಡಳಿತದ ಕಾಲದ್ದು. ಅದು ಜನರದೇ ಮನೆಯೆಂಬ ಭಾವನೆಗೆ ಈ ಎರಡೂ ಅಡಿಗಲ್ಲುಗಳಾದುವು.

1953ರ ಜನವರಿ 14ರಂದು ಕಾರ್ಯಪ್ಪನವರು ನಿವೃತ್ತರಾದರು. ಅದೇ ವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಿಗೆ ಭಾರತದ ಹೈಕಮಿಷನರ್ ಆಗಿ ಹೊರಟರು; 1956ರವರೆಗೆ ಅಲ್ಲಿದ್ದರು. ಆ ದೇಶದಲ್ಲಿ ಸೈನಿಕರ ಸೇವೆ ಸರ್ಕಾರದ ಕಚೇರಿಗಳಲ್ಲಿಯೇ ಮುಗಿಯುತ್ತಿರಲಿಲ್ಲ. ಯುದ್ಧದಿಂದ ಮರಳಿದವರು 1916ರಲ್ಲಿ ಕಟ್ಟಿಕೊಂಡ ಸಂಘ ಊರೂರಿನಲ್ಲಿಯೂ ಬೇರು ಬಿಟ್ಟಿದ್ದಿತು. ಅದಲ್ಲದೆ 1923ರಿಂದ ಲೆಗಸಿ ಎಂಬ ಇನ್ನೊಂದು ಸಂಸ್ಥೆಯೂ ಬೆಳೆದಿದ್ದಿತು. ಅದರ ಕ್ರಮ ಸರಳವಾದುದು. ಬದುಕಿ ಬಂದ ಯೋಧ ಮಡಿದ ಗೆಳೆಯನ ಮನೆಯ ಹೊಣೆಯನ್ನು ಹೊರುತ್ತಾನೆ. ವಿಧವೆಯ ಕಾಗದಪತ್ರಗಳನ್ನು ನೋಡಿಕೊಳ್ಳುವುದು, ಮಕ್ಕಳ ಶಾಲೆಯನ್ನು ವಿಚಾರಿಸುವುದು, ಹಬ್ಬಹರಿದಿನಗಳಲ್ಲಿ ಬಂದುಹೋಗುವುದು, ಹುಡುಗ ದೊಡ್ಡವನಾದಾಗ ಒಂದು ಉದ್ಯೋಗ ಹುಡುಕಿಕೊಡುವುದು, ಇಷ್ಟೇ. ಕಾರ್ಯಪ್ಪನವರು ಅದನ್ನು ಅನುಕರಿಸಿದರೆಂದು ನಾನು ಹೇಳುತ್ತಿಲ್ಲ. ಸೈನಿಕನೊಬ್ಬನ ಕಣ್ಣು ಮೂರು ವರ್ಷ ಆ ದೇಶದಲ್ಲಿದ್ದು ಇದನ್ನು ಕಾಣದೆ ಇದ್ದಿರಲಾರದು ಎಂಬುದು ನನ್ನ ಊಹೆ ಮಾತ್ರ.

ಮರಳಿ ಬಂದವರು ಮಡಿಕೇರಿಯಲ್ಲಿ ರೋಷನಾರಾ ಎಂಬ ತಮ್ಮ ಮನೆಯಲ್ಲಿ ನೆಲೆಸಿದರು. ಸಾಮಾನ್ಯ ಸಿಪಾಯಿಯ ನಿವೃತ್ತಿಗೂ ದಂಡನಾಯಕನ ನಿವೃತ್ತಿಗೂ ಎಷ್ಟು ಅಂತರವೆಂಬುದು ಕೊಡಗಿನಂತಹ ನಾಡಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಸೇನೆಗೆ ಎಳೆಯ ದೇಹಗಳು ಬೇಕು. ಆದುದರಿಂದ ಸಿಪಾಯಿ ಮೂವತ್ತೈದು ನಾಲ್ವತ್ತರ ವಯಸ್ಸಿಗೇ ಮನೆಗೆ ಮರಳಬೇಕಾಗುತ್ತದೆ. ಅದು ಮಕ್ಕಳು ಶಾಲೆಯಲ್ಲಿರುವ, ತಂದೆತಾಯಿಗಳು ಮುಪ್ಪಾಗಿರುವ, ಖರ್ಚು ಏರುತ್ತಿರುವ ವಯಸ್ಸು. ಅವನು ಕಲಿತ ವಿದ್ಯೆಗೆ ಊರಿನಲ್ಲಿ ಬೆಲೆಯಿಲ್ಲ. ಊರಿನ ವಿದ್ಯೆ ಅವನಿಗೆ ಮರೆತುಹೋಗಿದೆ. ಅವನಿಲ್ಲದಾಗ ಗದ್ದೆಯ ಬದು ಸರಿದಿರುತ್ತದೆ. ಪಿಂಚಣಿಯ ಕಾಗದದಲ್ಲಿ ಹೆಂಡತಿಯ ಹೆಸರಿನ ಒಂದು ಅಕ್ಷರ ತಪ್ಪಾಗಿದ್ದರೆ, ಅವನು ಸತ್ತ ಮೇಲೆ ಆ ಒಂದು ಅಕ್ಷರಕ್ಕಾಗಿ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಶತ್ರುವಿನ ಎದುರು ಬಾಗದ ತಲೆ ಗುಮಾಸ್ತೆಯ ಮೇಜಿನ ಎದುರು ಬಾಗಬೇಕಾದ ದುರವಸ್ಥೆ ಇದು.

ಕಾರ್ಯಪ್ಪನವರು ಈ ಕೆಲಸವನ್ನು ಕೈಗೆತ್ತಿಕೊಂಡರು. ದೇಶದ ಬೇರೆ ಬೇರೆ ಭಾಗಗಳಲ್ಲಿ ಚದುರಿದ್ದ ಮಾಜಿ ಸೈನಿಕರನ್ನು ಒಂದುಗೂಡಿಸಿ, 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಎಂಬ ಅಖಿಲ ಭಾರತ ಸಂಸ್ಥೆಯನ್ನು ಸ್ಥಾಪಿಸಿದರು. ಸೈನಿಕರಿಗಾಗಿ ಸರ್ಕಾರದ ಮಂಡಳಿಗಳು 1919ರಿಂದಲೇ ಇದ್ದುವು. ಜಿಲ್ಲೆಗಳಲ್ಲಿ ಅವುಗಳ ಕಚೇರಿಗಳೂ ಇದ್ದುವು. ಹಾಗಿದ್ದರೂ ಸಂಘವೊಂದು ಏಕೆ ಬೇಕಾಯಿತೆಂದರೆ, ಕಚೇರಿ ಬಂದ ಅರ್ಜಿಯನ್ನು ನೋಡುತ್ತದೆ. ಅರ್ಜಿ ಬರೆಯಲು ಬಾರದವನ ಮನೆಗೆ ಅದು ಹೋಗುವುದಿಲ್ಲ. ಆ ನಡುವಿನ ದಾರಿಯನ್ನು ನಡೆಯಬೇಕಾದವರು ಸ್ವಯಂಸೇವಕರು. ಅರ್ಜಿಯನ್ನು ಬರೆದುಕೊಡುವುದು, ಜೊತೆಯಲ್ಲಿ ಹೋಗುವುದು, ಹತ್ತು ಜನರ ಒಂದೇ ಬಗೆಯ ಕಷ್ಟವನ್ನು ಕೂಡಿಸಿ ಸರ್ಕಾರದ ಮುಂದೆ ಇಡುವುದು, ಇವೆಲ್ಲ ಸಂಘದಿಂದ ಆಗುವ ಕೆಲಸಗಳು. ಕೆಲಸದ ಸ್ವರೂಪ ಸಾಧಾರಣವಾದುದು, ಕೀರ್ತಿ ತರುವಂತಹುದಲ್ಲ. ಮಹಾದಂಡನಾಯಕರಾಗಿದ್ದವರು ಅದಕ್ಕೆ ನಿಂತರೆಂಬುದರಲ್ಲಿಯೇ ಅದರ ಘನತೆಯಿದೆ.

ಮರುವರ್ಷ ಪರೀಕ್ಷೆಯ ಕಾಲ ಬಂದಿತು. 1965ರ ಯುದ್ಧದಲ್ಲಿ ಪಂಜಾಬಿನ ಗಡಿಯ ಹಳ್ಳಿಗಳ ಜನ ಗುಂಡಿನ ಸದ್ದಿಗೆ ಓಡಿಹೋಗದೆ ರೊಟ್ಟಿ, ಹಾಲುಗಳನ್ನು ಹೊತ್ತು ಯೋಧರ ಬಳಿಗೆ ನಡೆದರು. ಲಾರಿಯ ಚಾಲಕರು ಮದ್ದುಗುಂಡುಗಳನ್ನು ಸಾಗಿಸಿದರು. ಕಾರ್ಯಪ್ಪನವರ ಮಗ ನಂದ ಆಗ ವಾಯುಪಡೆಯ ಅಧಿಕಾರಿ. ಯುದ್ಧ ನಿಲ್ಲುವ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿದ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಹಾರಿದ ತರುಣ ಬೆನ್ನಿಗೆ ಪೆಟ್ಟಾಗಿ ಪಾಕಿಸ್ತಾನದ ಸೆರೆಯಾಳಾದರು. ಇತ್ತ ಮಡಿಕೇರಿಯ ಮನೆಯಲ್ಲಿ ಅರವತ್ತಾರು ವರ್ಷದ ತಂದೆ, ದೇಶದ ಸಾವಿರಾರು ತಂದೆಗಳ ಹಾಗೆ, ಸುದ್ದಿಗಾಗಿ ಕಾಯುವವರಾದರು.

ಆದರೆ ಅವರು ಸಾವಿರಾರು ತಂದೆಗಳ ಹಾಗೆ ಇರಬೇಕಾಗಿರಲಿಲ್ಲ. ಬನ್ನುವಿನಲ್ಲಿ ಅವರ ಕೈಕೆಳಗೆ ಇದ್ದ ಅಯೂಬ್ ಖಾನರು ಈಗ ಪಾಕಿಸ್ತಾನದ ಅಧ್ಯಕ್ಷರು. ಸೆರೆಯಾಳು ಯಾರ ಮಗನೆಂಬುದು ತಿಳಿದೊಡನೆ, ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ, ಹುಡುಗನ ವಿಷಯದಲ್ಲಿ ವಿಶೇಷ ದಯೆ ತೋರಲು ಅವರು ಸಿದ್ಧರಾದರು. ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ ಮೂಲಕ ಆ ಮಾತು ಕಾರ್ಯಪ್ಪನವರನ್ನು ಮುಟ್ಟಿತು. ಅವರು ಅದನ್ನು ಒಪ್ಪಲಿಲ್ಲ. ಹುಡುಗ ಈಗ ತನ್ನ ಮಗನಲ್ಲ, ದೇಶದ ಮಗ. ಸೆರೆಯಲ್ಲಿರುವವರೆಲ್ಲರೂ ತನಗೆ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ಒಬ್ಬನಿಗೂ ವಿಶೇಷ ಸಲ್ಲದು ಎಂಬುದು ಅವರು ಕಳುಹಿಸಿದ ಉತ್ತರದ ತಾತ್ಪರ್ಯ. ಮಗ ಉಳಿದ ಸೆರೆಯಾಳುಗಳಂತೆಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು 1966ರಲ್ಲಿ ಬಿಡುಗಡೆ ಹೊಂದಿದರು. ಮುಂದೆ ಏರ್ ಮಾರ್ಷಲ್ ಪದವಿಗೆ ಏರಿದರು.

ಈ ಪ್ರಸಂಗವನ್ನು ದೇಶಭಕ್ತಿಯ ಉದಾಹರಣೆಯೆಂದು ನಾವು ತರಗತಿಗಳಲ್ಲಿ ಹೇಳುವುದುಂಟು. ಅದು ಸರಿಯೇ. ಆದರೆ ಅದರ ಅರ್ಥ ಅಲ್ಲಿಗೆ ಮುಗಿಯುವುದಿಲ್ಲ. ಆ ದಿನ ಅವರು ಮಗನನ್ನು ಬಿಡಿಸಿಕೊಂಡಿದ್ದರೆ ಯಾವ ತಂದೆಯೂ ಅವರನ್ನು ದೂಷಿಸುತ್ತಿರಲಿಲ್ಲ. ಆದರೆ ಮರುದಿನ ಇನ್ನೊಬ್ಬ ಸೆರೆಯಾಳಿನ ತಾಯಿ ಅವರ ಸಂಘದ ಬಾಗಿಲಿಗೆ ಬಂದಿದ್ದರೆ, ಅವರು ಆಕೆಯ ಮುಖವನ್ನು ನೋಡುವುದು ಹೇಗೆ? ಸಮಾನವಾಗಿ ಕಾಯ್ದವನಿಗೆ ಮಾತ್ರ ಕಾಯುವವರ ಪಕ್ಕದಲ್ಲಿ ಕುಳಿತುಕೊಳ್ಳುವ ಹಕ್ಕು ಬರುತ್ತದೆ. ಪ್ರಭಾವವುಳ್ಳವರ ಮನೆಗೆ ಮೊದಲು, ಇಲ್ಲದವರ ಮನೆಗೆ ಆಮೇಲೆ ಎಂಬ ಕ್ರಮ ಒಮ್ಮೆ ಹೊಕ್ಕರೆ ಎಂತಹ ಸೇವಾಸಂಘವೂ ಮತ್ತೊಂದು ಕಚೇರಿಯಾಗಿಬಿಡುತ್ತದೆ. ಆ ತಂದೆಯ ಕಠೋರತೆ ವಾಸ್ತವವಾಗಿ ಇತರ ತಂದೆಗಳ ಮೇಲಿನ ಕರುಣೆ.

ಅವರ ಎಲ್ಲ ಅಭಿಪ್ರಾಯಗಳೂ ಎಲ್ಲರಿಗೂ ಒಪ್ಪಿಗೆಯಾದುವೆಂದು ಹೇಳಲಾಗದು. ದೇಶದ ಆಡಳಿತದಲ್ಲಿ ಶಿಸ್ತು ಸಾಲದೆಂಬ ಅವರ ಅಸಹನೆ ಪ್ರಜಾಪ್ರಭುತ್ವದ ನಿಧಾನವನ್ನು ಅರ್ಥಮಾಡಿಕೊಳ್ಳಲಿಲ್ಲವೆಂದು ಟೀಕಿಸಿದವರಿದ್ದರು. 1971ರಲ್ಲಿ ಅವರು ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಮತದಾರರು ಅವರನ್ನು ಆರಿಸಲಿಲ್ಲ. ದಂಡನಾಯಕರಾಗಿದ್ದಾಗ ಸೇನೆಯನ್ನು ರಾಜಕೀಯದಿಂದ ದೂರವಿಟ್ಟವರು ಅವರೇ ಎಂಬುದನ್ನೂ ಇದರೊಡನೆ ನೆನೆಯಬೇಕು. ರಾಜಕೀಯದಲ್ಲಿ ಸೋತವರು ಸೈನಿಕರ ಸೇವೆಯಿಂದ ಹಿಂದೆ ಸರಿಯಲಿಲ್ಲ. ಅದಕ್ಕೆ ಅವರಿಗೆ ಯಾರ ಮತವೂ ಬೇಕಾಗಿರಲಿಲ್ಲ.

1986ರ ಜನವರಿಯಲ್ಲಿ, ಎಂಬತ್ತೇಳರ ಅಂಚಿನಲ್ಲಿದ್ದ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಸಂದಿತು. ರಾಷ್ಟ್ರಪತಿ ಭವನದಲ್ಲಿ ಅವರು ನೆಟ್ಟಗೆ ನಿಂತೇ ಆ ದಂಡವನ್ನು ಸ್ವೀಕರಿಸಿದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು; ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಸೈನಿಕರ ಕ್ಷೇಮಕ್ಕಾಗಿ ಇದ್ದ ಬೇರೆ ಬೇರೆ ನಿಧಿಗಳನ್ನು ಸರ್ಕಾರ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯೆಂಬ ಒಂದೇ ಹೆಸರಿನಲ್ಲಿ ಕೂಡಿಸಿದುದೂ ಅದೇ ವರ್ಷ. ಮಡಿಕೇರಿಯಲ್ಲಿ ಒಂದು ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಅವರ ಕಾಲದಿಂದ ಈಚೆಗೆ ಈ ಕ್ಷೇತ್ರ ಬೆಳೆದಿದೆ. ಸೇನೆಯವರ ಪತ್ನಿಯರೇ ಸೇರಿ ಕಟ್ಟಿದ ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್ 1966ರಿಂದ ವಿಧವೆಯರ, ಮಕ್ಕಳ ನೆರವಿಗೆ ನಿಂತಿದೆ. ಆದರೆ ಈ ಸಂಸ್ಥೆಗಳ ನೆರಳು ದಂಡಿನ ಪೇಟೆಗಳಲ್ಲಿ ದಟ್ಟವಾಗಿದ್ದು, ದಂಡಿಲ್ಲದ ಊರುಗಳಿಗೆ ಬರುವ ವೇಳೆಗೆ ತೆಳುವಾಗುವುದು ಸಹಜ. ನಮ್ಮಂತಹ ಊರುಗಳಲ್ಲಿ ಯುವಕ ಮಂಡಲಗಳಿವೆ, ಮಹಿಳಾ ಮಂಡಲಗಳಿವೆ, ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ತಂಡಗಳಿವೆ. ಯುದ್ಧದ ದಿನಗಳಲ್ಲಿ ಇವು ಮೆರವಣಿಗೆ ನಡೆಸುತ್ತವೆ. ಹುತಾತ್ಮನ ದೇಹ ಬಂದ ದಿನ ಊರೆಲ್ಲ ಸೇರುತ್ತದೆ. ಅದು ವೀರಗಲ್ಲಿನ ಮೇಲಿನ ಪಟ್ಟಿಕೆ, ಅದೂ ಬೇಕು. ಆದರೆ ಹಾರಗಳು ಬಾಡಿದ ಮೇಲೆ, ಆರು ತಿಂಗಳು ಕಳೆದು, ಆ ಮನೆಯ ಹುಡುಗಿಯ ಶಾಲೆಯ ಶುಲ್ಕದ ದಿನ ಬರುತ್ತದೆ. ಮಳೆಗಾಲಕ್ಕೆ ಮೊದಲು ಮಾಡಿಗೆ ಹಂಚು ಹೊದಿಸಬೇಕಾಗುತ್ತದೆ. ಮುದುಕ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ. ಅಂದು ಬರುವವರು ಯಾರು ಎಂಬುದೇ ಪ್ರಶ್ನೆ.

ಬರುವವರಿಗೂ ಒಂದು ವಿನಯ ಬೇಕು. ಸೈನಿಕನ ಮನೆಯವರು ದಾನವನ್ನು ಬಯಸುವವರಲ್ಲ. ನೆತ್ತರುಗೊಡಗೆಯನ್ನು ಪಡೆದವರು ಭಿಕ್ಷೆಯನ್ನು ಪಡೆದವರೆಂದು ನಮ್ಮ ಹಿರಿಯರು ಎಂದೂ ಎಣಿಸಲಿಲ್ಲ. ಅದು ಸಲ್ಲಬೇಕಾದ ಬಾಕಿ ಎಂಬಂತೆ ಕಲ್ಲಿನಲ್ಲಿ ಕೊರೆಯಿಸಿದರು. ಕೊಡುವವನ ಭಾವಚಿತ್ರ ಪತ್ರಿಕೆಯಲ್ಲಿ ಬರಬೇಕೆಂಬ ಆಸೆ ಇದ್ದಲ್ಲಿ ಆ ಬಾಕಿ ತೀರುವುದಿಲ್ಲ.

ಬರುವ ಡಿಸೆಂಬರ್ 7ರಂದು ನಮ್ಮ ವಿದ್ಯಾರ್ಥಿಗಳು ಎಂದಿನಂತೆ ಪುಟ್ಟ ಧ್ವಜಗಳನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಡಬ್ಬಿಗೆ ನಾಣ್ಯ ಬೀಳುತ್ತದೆ. ಅವರಲ್ಲಿ ಒಬ್ಬರಾದರೂ ಆ ಸಂಜೆ ತಮ್ಮ ಊರಿನಲ್ಲಿ ಸೈನಿಕನ ಮನೆ ಯಾವುದೆಂದು ಕೇಳಿ ತಿಳಿದು, ಮುಂದಿನ ವಾರ ಅಲ್ಲಿಗೆ ಹೋಗಿ, ಹೂ ಕಟ್ಟುತ್ತಿರುವ ಆ ತಾಯಿಯ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಬಂದ ಕಾಗದವನ್ನು ಓದಿ ಹೇಳಿ, ಉತ್ತರ ಬರೆದುಕೊಟ್ಟು ಬಂದರೆ, ಕಾರ್ಯಪ್ಪನವರ ಜೀವನಚರಿತ್ರೆಯನ್ನು ಅವರು ಓದಿದಂತೆಯೇ ಸರಿ.